ಪಿರೋಗಿಗೆ ಕಲಿಸಿದ್ದು

ಆ ನಾಯಿಗೆ ಪಿರೋಗಿ ಎಂದು ಹೆಸರಿಟ್ಟವರು ಅದರ ತಲೆಯ ಅಗಲವನ್ನು ಜನ ಮರೆಯಲಿ ಎಂದೇ ಇಟ್ಟಿದ್ದರು. ಆಲೂಗಡ್ಡೆ ತುಂಬಿದ ಕಡುಬಿನ ಹೆಸರು ಹೊತ್ತ ಪ್ರಾಣಿಗೆ ಯಾರಾದರೂ ಹೆದರುತ್ತಾರೆಯೇ? ನಾಯಿಗಳ ಆಶ್ರಯಧಾಮದಲ್ಲಿ ಅದರ ಗೂಡಿಗೆ ತೂಗುಹಾಕಿದ್ದ ಫೋಟೋದಲ್ಲಿ ಅದರ ಕೊರಳಿಗೆ ಪ್ಲಾಸ್ಟಿಕ್ ಹೂವಿನ ಹಾರ ಬೇರೆ. ಪಕ್ಕದ ಗೂಡಿನಲ್ಲಿದ್ದದ್ದು ಮಫಿನ್, ಅದರ ಪಕ್ಕ ಕಪ್‌ಕೇಕ್. ಮೂರೂ ಪಿಟ್‌ಬುಲ್, ಕಚ್ಚುತ್ತದೆಂದು ಜನ ಹೆದರುವ ಜಾತಿ. ಕೊನೆಯ ಗೂಡಿನಲ್ಲಿದ್ದ ಹರ್ಮನ್ ಮಾತ್ರ ಜೋಲುಗಿವಿಯ ಪುಟ್ಟ ಬೀಗಲ್. ಅವನಿಗೆ ಯಾರೂ ಹಾರ ಹಾಕಿರಲಿಲ್ಲ, ಅಗತ್ಯವೂ ಇರಲಿಲ್ಲ.

ಡೋರೀನ್ ಸಾಬೊಲ್ ಹೋಗಿದ್ದದ್ದು ಹರ್ಮನ್‌ನನ್ನು ನೋಡಲು. ಐವತ್ತೇಳು ವರ್ಷದವಳು, ಒಬ್ಬಂಟಿ, ಇಪ್ಪತ್ತಾರು ವರ್ಷದಿಂದ ಶಾಲೆಯ ಹಳದಿ ಬಸ್ಸು ಓಡಿಸುತ್ತಿದ್ದಾಳೆ. ಮನೆಯಲ್ಲಿ ಉಸಿರಾಡುವ ಇನ್ನೊಂದು ಜೀವ ಇರಲಿ ಎನ್ನುವುದಷ್ಟೇ ಅವಳ ಆಸೆ. ಪಿರೋಗಿಯ ಗೂಡಿನ ಮುಂದೆ ಅವಳು ನಿಂತದ್ದು ಶೂ ದಾರ ಬಿಚ್ಚಿಕೊಂಡಿತ್ತೆಂದು. ಬಗ್ಗಿ ಕಟ್ಟಿಕೊಂಡು ತಲೆಯೆತ್ತಿದಾಗ ಆ ಬೂದು ಬಣ್ಣದ ನಾಯಿ ಎದ್ದು ಬಂದು, ಬೆನ್ನು ತಿರುಗಿಸಿ, ಇಡೀ ಮೈಯನ್ನು ತಂತಿಬಲೆಗೆ ಒರಗಿಸಿ ನಿಂತಿತ್ತು. ಬೊಗಳಲಿಲ್ಲ, ಬಾಲ ಅಲ್ಲಾಡಿಸಲಿಲ್ಲ. ಬಲೆಯ ಕಣ್ಣುಗಳಿಂದ ಅದರ ಕೂದಲು ಚೌಕಚೌಕವಾಗಿ ಉಬ್ಬಿಕೊಂಡಿತ್ತು. ಡೋರೀನ್ ಒಂದು ಚೌಕದ ಮೇಲೆ ಎರಡು ಬೆರಳಿಟ್ಟಳು. ಬೆಚ್ಚಗಿತ್ತು.

"ಎಷ್ಟು ದಿನದಿಂದ ಇದೆ ಇದು?"

"ನೂರಾ ಹದಿನೆಂಟು ದಿನ ಮೇಡಂ," ಎಂದಳು ಅಲ್ಲಿನ ಹುಡುಗಿ.

"ಆ ಬೀಗಲ್?"

"ಬೆಳಿಗ್ಗೆ ಬಂತು. ಆಗಲೇ ನಾಲ್ಕು ಅರ್ಜಿ ಬಂದಿದೆ."

ಹಾಗೆ ಪಿರೋಗಿ ಬಸ್ಸಿನವಳ ಮನೆಗೆ ಬಂತು.

ಎರಿ ಸರೋವರದ ದಂಡೆಯ ಆ ಊರಿನಲ್ಲಿ ಉಕ್ಕಿನ ಕೊಳವೆಯ ಕಾರ್ಖಾನೆ ಮುಚ್ಚಿದ ಮೇಲೆ ಹೆಚ್ಚಾದದ್ದು ಎರಡೇ: ಖಾಲಿ ಮನೆಗಳು ಮತ್ತು ಪಿಟ್‌ಬುಲ್‌ಗಳು. ಖಾಲಿ ಮನೆಗಳ ವಿಷಯದಲ್ಲಿ ನಗರಸಭೆ ಏನೂ ಮಾಡಲಾಗದೆ ನಾಯಿಗಳ ವಿಷಯದಲ್ಲಿ ನಿಯಮ ಮಾಡಿತ್ತು. ಈ ಜಾತಿಯ ನಾಯಿ ಬೀದಿಗಿಳಿದರೆ ಬಾಯಿಕುಕ್ಕೆ ಹಾಕಬೇಕು. ಆರು ತಿಂಗಳೊಳಗೆ ಅದನ್ನು ಹತ್ತು ಅಂಶಗಳ ಪರೀಕ್ಷೆಯೊಂದರಲ್ಲಿ ಪಾಸು ಮಾಡಿಸಬೇಕು. ಪಾಸಾದರೆ ಕೊರಳಿಗೆ ಹಸಿರು ಬಿಲ್ಲೆ, ಕುಕ್ಕೆಯಿಂದ ಬಿಡುಗಡೆ. ಆಗದಿದ್ದರೆ ನಾಯಿ ವಾಪಸ್ ಆಶ್ರಯಧಾಮಕ್ಕೆ. ಒಮ್ಮೆ ಹೋಗಿ ತಿರುಗಿ ಬಂದ ಪಿಟ್‌ಬುಲ್‌ಗೆ ಅಲ್ಲಿ ಮತ್ತೆ ಹೂವಿನ ಹಾರ ಹಾಕುವುದಿಲ್ಲ. ಹಿಂದಿನ ಕೋಣೆಗೆ ಒಯ್ಯುತ್ತಾರೆ, ಕೊನೆಯ ಸೂಜಿಗೆ. ಪರೀಕ್ಷೆಯ ನಡುವೆ ನಾಯಿ ಒಂದು ಸಲ ಗುರುಗುಟ್ಟಿದರೂ ಸಾಕು, ಪರೀಕ್ಷೆ ಅಲ್ಲಿಗೇ ಮುಗಿಯಿತು, ನಾಯಿಯೂ ಅಂದೇ ಮುಗಿಯಿತು.

ಇದಲ್ಲದೆ ಮಿಸೆಸ್ ಪೆಟ್ರಾಷ್ ಇದ್ದರು. ಎಪ್ಪತ್ತೊಂಬತ್ತರ ಆಕೆ ಮನೆಯ ಒಡತಿ; ಕೆಳಗಿನ ಮಹಡಿಯಲ್ಲಿ ಆಕೆ, ಮೇಲೆ ಡೋರೀನ್, ಇಬ್ಬರಿಗೂ ಒಂದೇ ಮೆಟ್ಟಿಲು.

"ಏನೇ ಅದು ಡೋರೀನ್?"

"ನಾಯಿ, ಮಿಸೆಸ್ ಪೆಟ್ರಾಷ್."

"ನಾಯಿ ಅಂತ ನಂಗೂ ಕಾಣುತ್ತೆ. ಪೊರೆ ಬಂದಿರೋದು ಕಣ್ಣಿಗೆ, ಬುದ್ಧಿಗಲ್ಲ. ಟೀವೀಲಿ ಮಕ್ಕಳನ್ನ ಕಚ್ಚಿ ತಿನ್ನುತ್ತಲ್ಲ, ಅದೇ ತಾನೆ?"

"ಇದು ಯಾರನ್ನೂ ತಿಂದಿಲ್ಲ."

"ಇನ್ನೂ ತಿಂದಿಲ್ಲ ಅನ್ನು. ಕೇಳು, ಹತ್ತೊಂಬತ್ತು ವರ್ಷದಿಂದ ಇದ್ದೀಯ ಅಂತ ಹೇಳ್ತಿದ್ದೀನಿ. ನನ್ನ ಮೆಟ್ಟಿಲ ಮೇಲೆ ಒಂದೇ ಒಂದು ಸಲ ಅದು ಗುರ್ ಅಂದ್ರೆ ನಿನ್ನ ಈ ಮೊಸಳೆ ಆಚೆಗೆ. ಅದರ ಹಿಂದೆ ನೀನೂ."

ನಾಯಿಗೆ ಮೆಟ್ಟಿಲು ಹತ್ತುವುದೇ ಗೊತ್ತಿರಲಿಲ್ಲ. ಮೊದಲ ವಾರ ಇಪ್ಪತ್ತೆಂಟು ಕೆ.ಜಿ. ನಾಯಿಯನ್ನು ಡೋರೀನ್ ಮಗುವಿನ ಹಾಗೆ ಎತ್ತಿಕೊಂಡೇ ಹತ್ತಿಳಿದಳು. ಮಿಸೆಸ್ ಪೆಟ್ರಾಷ್ ಬಾಗಿಲ ಸಂದಿಯಿಂದ ನೋಡಿ, "ನಿನ್ನ ಸೊಂಟ ಮುರೀಲಿ, ಆಮೇಲೆ ಅದೇ ನಿನ್ನನ್ನ ಎತ್ಕೊಂಡು ಹೋಗುತ್ತೆ," ಎನ್ನುತ್ತಿದ್ದರು.

ಆದರೆ ಕಲಿಯುವುದರಲ್ಲಿ ಪಿರೋಗಿ ಚುರುಕು. ಮೂರು ದಿನಕ್ಕೆ ಕೂರುವುದು, ಒಂದು ವಾರಕ್ಕೆ ಮಲಗುವುದು, ಎರಡು ವಾರಕ್ಕೆ ಹಗ್ಗ ಜಗ್ಗದೆ ಪಕ್ಕದಲ್ಲಿ ನಡೆಯುವುದು. ಡೋರೀನ್‌ಳ ಕೋಟಿನ ಜೇಬಿನಲ್ಲಿ ಸದಾ ಸಾಸೇಜಿನ ಚೂರುಗಳು. ಬಸ್ಸಿನ ಮಕ್ಕಳು ಹತ್ತುವಾಗಲೇ ಮೂಗೆಳೆದು, "ಮಿಸ್ ಡೋರೀನ್, ನಿಮ್ಮ ಮೈಯೆಲ್ಲ ಊಟದ ವಾಸನೆ ಹೊಡೀತಿದೆ," ಎನ್ನುತ್ತಿದ್ದವು. ಬಾಯಿಕುಕ್ಕೆ ಹಾಕಿದ ನಾಯಿಯೊಂದಿಗೆ ಅವಳು ಬರುವುದನ್ನು ಕಂಡರೆ ಜನ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದರು. ಒಬ್ಬ ತಾಯಿ ಕೈಗಾಡಿಯಲ್ಲಿದ್ದ ಮಗುವಿನ ಮುಖದ ಮೇಲೆ ಹೊದಿಕೆ ಎಳೆದಳು, ನಾಯಿಯ ನೋಟ ತಾಕಬಾರದು ಎನ್ನುವಂತೆ. ಪಿರೋಗಿ ಯಾರನ್ನೂ ನೋಡುತ್ತಿರಲಿಲ್ಲ. ಅದರ ಕಣ್ಣೆಲ್ಲ ಡೋರೀನ್‌ಳ ಜೇಬಿನ ಮೇಲೆ.

ಒಂದೇ ತೊಡಕು, ಕಿವಿ. ಯಾರೋ ಎಂದೋ ಅದರ ಎರಡೂ ಕಿವಿಯನ್ನು ಅಡುಗೆಮನೆಯ ಕತ್ತರಿಯಿಂದಲೋ ಏನೋ ಕತ್ತರಿಸಿದ್ದರು. ಎಡಗಿವಿ ಬಲಗಿವಿಗಿಂತ ಗಿಡ್ಡ, ಅಂಚು ಒಣಗಿದ ಚರ್ಮದಂತೆ ಗಡಸು. ಪಂಜ ಹಿಡಿಯಬಹುದು, ಬಾಲ ಹಿಡಿಯಬಹುದು, ಬಾಯೊಳಗೆ ಕೈ ಹಾಕಬಹುದು. ಕಿವಿಗೆ ಕೈ ಹೋದರೆ ಮಾತ್ರ ಅದರ ಎದೆಯ ಆಳದಿಂದ ಒಂದು ಸದ್ದು ಏಳುತ್ತಿತ್ತು, ಹಳೆಯ ಫ್ರಿಜ್ಜು ಚಾಲೂ ಆದ ಹಾಗೆ. ಕೈ ತೆಗೆದರೆ ಸದ್ದು ನಿಲ್ಲುತ್ತಿತ್ತು.

ಮೊದಲ ಪರೀಕ್ಷೆ ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ. ಪರೀಕ್ಷಕ ನಿವೃತ್ತ ಅಂಚೆಯವನು. ಅವನ ಮಣಿಕಟ್ಟಿನ ಮೇಲೆ ಹಳೆಯ ಕಡಿತದ ಗುರುತಿತ್ತು. ಡೋರೀನ್ ಅದನ್ನೇ ನೋಡುತ್ತಿರುವುದನ್ನು ಕಂಡು, "ಇದು ಡ್ಯಾಷ್‌ಹುಂಡ್‌ದು," ಎಂದ. "ಇಷ್ಟೇ ಎತ್ತರ ಇರುತ್ತಲ್ಲ, ಗಿಡ್ಡ ಕಾಲಿನ ಪುಟ್ಟ ನಾಯಿ, ಅದು. ಅದಕ್ಕೆ ಯಾವ ಪರೀಕ್ಷೆನೂ ಇಲ್ಲ."

ಕೂರು, ನಿಲ್ಲು, ಕರೆದಾಗ ಬಾ, ಗುಂಪಿನ ನಡುವೆ ನಡೆ. ಎಂಟು ಅಂಶ ನೀರು ಕುಡಿದಷ್ಟು ಸಲೀಸಾಗಿ ಮುಗಿದವು. ಒಂಬತ್ತನೆಯದು, ಅಪರಿಚಿತರು ಮೈ ಮುಟ್ಟಿ ನೋಡುವುದು. ಅಂಚೆಯವನು ಪಂಜ ಎತ್ತಿ ನೋಡಿದ, ಬೆನ್ನು ಸವರಿದ, ಎಡಗಿವಿ ಮಡಚಿದ.

ಫ್ರಿಜ್ಜು ಚಾಲೂ ಆಯಿತು.

ಅವನು ಕೈ ಹಿಂತೆಗೆದುಕೊಂಡ. ನಾಯಿ ತಕ್ಷಣ ಸುಮ್ಮನಾಗಿ ಅವನ ಮೊಣಕಾಲಿಗೆ ಮೈ ಒರಗಿಸಿತು. ಅಂಚೆಯವನು ಹಾಳೆ ನೋಡಿದ, ಪೆನ್ನು ನೋಡಿದ, ಡೋರೀನ್‌ಳ ಮುಖ ನೋಡಿದ.

"ಇದನ್ನ ಬರೆದ್ರೆ ಇವತ್ತು ನೀವು ಖಾಲಿ ಹಗ್ಗ ಹಿಡ್ಕೊಂಡು ಮನೆಗೆ ಹೋಗ್ಬೇಕು."

ಡೋರೀನ್ ಹಗ್ಗವನ್ನು ಅಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

"ನಿಮಗೆ ಹೊಟ್ಟೆ ಕೆಟ್ಟಿದೆ ಅಲ್ವಾ?" ಎಂದ ಅವನು, ಸ್ವಲ್ಪ ಗಟ್ಟಿಯಾಗಿ. "ಮುಖ ನೋಡಿದ್ರೇ ಗೊತ್ತಾಗುತ್ತೆ. ಅರ್ಧಕ್ಕೇ ಎದ್ದು ಹೋದ್ರು ಅಂತ ಬರೀತೀನಿ. ಎರಡು ತಿಂಗಳು ಬಿಟ್ಟು ಬನ್ನಿ. ಆ ಸದ್ದೊಂದು ಸರಿ ಮಾಡ್ಕೊಂಡು ಬನ್ನಿ."

ಆ ಸದ್ದೊಂದು. ಡೋರೀನ್ ದಾರಿಯುದ್ದಕ್ಕೂ ಅದನ್ನೇ ಮೆಲುಕು ಹಾಕಿದಳು. ನಾಯಿಯಲ್ಲಿ ಬೇರೆ ಯಾವ ದೋಷವೂ ಇಲ್ಲ, ಇರುವುದು ಒಂದು ಸದ್ದು. ಸದ್ದು ನಿಲ್ಲಿಸುವುದರಲ್ಲಿ ತನ್ನನ್ನು ಮೀರಿಸಿದವರು ಆ ಊರಲ್ಲಿ ಯಾರೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಮೂವತ್ತೆಂಟು ಮಕ್ಕಳು ಬಸ್ಸಿನಲ್ಲಿ ರಂಪ ಎಬ್ಬಿಸಿದಾಗ ಉಳಿದ ಚಾಲಕರು ಗಂಟಲು ಹರಿದುಕೊಳ್ಳುತ್ತಿದ್ದರು. ಡೋರೀನ್ ಎಂದೂ ಕೂಗಿದವಳಲ್ಲ. ಬ್ರೇಕಿನ ಮೇಲೆ ಕಾಲಿನ ಒಂದು ಸಣ್ಣ ಒತ್ತು. ಮಕ್ಕಳ ಮೈ ಮುಂದಕ್ಕೆ ವಾಲಿ ಹಿಂದಕ್ಕೆ ಬೀಳುತ್ತಿತ್ತು, ಅಷ್ಟೇ. ಯಾವ ಮಾತಿಗೆ ಬ್ರೇಕು ಬಿತ್ತು ಎನ್ನುವುದು ಎರಡು ವಾರದಲ್ಲಿ ಅವಕ್ಕೆ ತಾನಾಗಿ ತಿಳಿಯುತ್ತಿತ್ತು. ಅವಳ ಬಸ್ಸು ಇಡೀ ಶಾಲೆಗೆ ಅತಿ ಮೌನದ ಬಸ್ಸು.

ಮರುದಿನ ಬೆಳಿಗ್ಗೆ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ವರ್ನನ್ ಎಂದಿನಂತೆ ಕಾಲೆಳೆದ.

"ಏನೇ ಡೋರೀನ್, ಬೆರಳು ಹತ್ತೂ ಇದಾವಾ?"

"ಎಣಿಸ್ಕೋ ಬಾ."

"ಬೀಗಲ್ ತರೋಕೆ ಹೋದವಳು ಹುಲಿ ಹಿಡ್ಕೊಂಡು ಬಂದ್ಯಲ್ಲೇ."

"ನಿನ್ನ ಅತ್ತೆನೂ ನಿನ್ನನ್ನ ಮೊದಲ್ನೇ ಸಲ ನೋಡಿದಾಗ ಮಗಳಿಗೆ ಹಾಗೇ ಅಂದ್ರಂತೆ. ಒಂದು ಹಿಡಿ ಹಳೇ ನಟ್ಟು ಬೋಲ್ಟು ಇದ್ರೆ ಕೊಡು."

ಅವನು ಕೊಟ್ಟ. ಏಕೆಂದು ಕೇಳಲಿಲ್ಲ. "ನಿನ್ನ ಬಸ್ಸಲ್ಲಿ ಸದ್ದಿಲ್ಲ ಅಂತ ಎಲ್ರೂ ಹೊಗಳ್ತಾರೆ," ಎಂದಷ್ಟೇ ಗೊಣಗಿದ. "ಹಿಂದಿನ ಸೀಟು ನೋಡಿದ್ದೀಯಾ? ನಾಲ್ಕು ಸೀಟು ಸೀಳಿ ಸ್ಪಂಜು ಕಿತ್ತಿದಾರೆ. ಬೇರೆಯವರ ಬಸ್ಸಲ್ಲಿ ಮಕ್ಕಳು ಬರೀ ಕಿರುಚ್ತಾವೆ ಮಾರಾಯ್ತಿ."

ಡೋರೀನ್ ಕಾಫಿಪುಡಿಯ ಖಾಲಿ ಡಬ್ಬಿಗೆ ನಟ್ಟು ಬೋಲ್ಟು ತುಂಬಿದಳು. ಮಧ್ಯಾಹ್ನ ಬಚ್ಚಲುಮನೆಯ ನೆಲದ ಮೇಲೆ ನಾಯಿಯನ್ನು ಕೂರಿಸಿ, ಎಡಗೈಯಲ್ಲಿ ಹಗ್ಗ, ಬಲಗೈ ಪಕ್ಕದಲ್ಲಿ ಡಬ್ಬಿ. ಕಿವಿ ಮುಟ್ಟಿದಳು. ಗುರ್ ಎಂದಿತು. ಹಗ್ಗ ಜಗ್ಗಿ, ಡಬ್ಬಿಯನ್ನು ಅದರ ತಲೆಯ ಪಕ್ಕದಲ್ಲೇ ಒಮ್ಮೆ ಜೋರಾಗಿ ಕುಲುಕಿದಳು. ಬಚ್ಚಲಿನ ಟೈಲ್ಸ್ ಗೋಡೆಗಳ ನಡುವೆ ಆ ಸದ್ದು ಅವಳ ಹಲ್ಲನ್ನೇ ಅದುರಿಸಿತು. ನಾಯಿ ಮೂಲೆಗೆ ಸರಿದು ಉಚ್ಚೆ ಹೊಯ್ದುಕೊಂಡಿತು.

"ಸಾರಿ ಕಣೇ," ಎಂದಳು ಡೋರೀನ್. "ನಿನ್ನ ಒಳ್ಳೇದಕ್ಕೇ." ನೆಲ ಒರೆಸಿ, ಇನ್ನೊಮ್ಮೆ ಕಿವಿ ಮುಟ್ಟಿದಳು.

ದಿನಕ್ಕೆ ಹತ್ತು ಸಲ. ಹೊಡೆಯಲಿಲ್ಲ, ಬೈಯಲಿಲ್ಲ, ಅದು ಅವಳ ಜಾಯಮಾನವಲ್ಲ. ಒಂಬತ್ತನೆಯ ದಿನ ಗುರುಗುಟ್ಟುವಿಕೆ ಗಂಟಲಲ್ಲೇ ಅರ್ಧಕ್ಕೆ ನಿಂತಿತು. ಹದಿನಾಲ್ಕನೆಯ ದಿನ ಬರಲೇ ಇಲ್ಲ. ಕಿವಿ ಮುಟ್ಟಿದರೆ ನಾಯಿಯ ಮೈ ಹಲಗೆಯಾಗುತ್ತಿತ್ತು, ಬಾಯಿ ಬಿಗಿಯಾಗಿ ಮುಚ್ಚಿಕೊಳ್ಳುತ್ತಿತ್ತು, ಕಣ್ಣಿನ ಬಿಳಿ ಅಂಚಿನಲ್ಲಿ ಕಾಣುತ್ತಿತ್ತು, ನಾಲಿಗೆ ಒಮ್ಮೆ ಮೂಗಿನ ತುದಿ ಸವರಿ ಒಳಹೋಗುತ್ತಿತ್ತು. ಸದ್ದಿಲ್ಲ. ಡೋರೀನ್ ಇದನ್ನೆಲ್ಲ ನೋಡಿದಳು. ಕಲಿಯುತ್ತಿದೆ ಎಂದುಕೊಂಡಳು. ದೊಡ್ಡ ಚೂರು ಸಾಸೇಜು ಕೊಟ್ಟು, "ಜಾಣೆ, ನನ್ನ ಜಾಣೆ," ಎಂದಳು.

ಎರಡನೆಯ ಪರೀಕ್ಷೆಯಲ್ಲಿ ಅಂಚೆಯವನು ಎರಡೂ ಕಿವಿಗಳನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ. ಪಿರೋಗಿ ಕಲ್ಲಿನ ಮೂರ್ತಿ. ಹತ್ತಕ್ಕೆ ಹತ್ತು. ಠಾಣೆಯ ಹುಡುಗರು ಚಪ್ಪಾಳೆ ತಟ್ಟಿದರು.

ಬಿಲ್ಲೆ ಪಡೆಯುವ ಮುಂಚೆ ನಗರಸಭೆಯ ಗುಮಾಸ್ತೆಯ ಎದುರು ಪ್ರಮಾಣಪತ್ರ ತುಂಬಬೇಕಿತ್ತು. ಏಳನೆಯ ಪ್ರಶ್ನೆ: ಈ ನಾಯಿ ಇದುವರೆಗೆ ಯಾವುದೇ ವ್ಯಕ್ತಿಯ ಮೇಲೆ ಗುರುಗುಟ್ಟಿದೆಯೇ? ಸುಳ್ಳು ಹೇಳಿದರೆ ಮೊಕದ್ದಮೆ ಎಂದು ಕೆಳಗೆ ದಪ್ಪಕ್ಷರದಲ್ಲಿತ್ತು. ಡೋರೀನ್ "ಇಲ್ಲ" ಎಂದು ಬರೆದು ಸಹಿ ಹಾಕಿದಳು. ಪಕ್ಕದಲ್ಲಿ ನಿಂತಿದ್ದ ಅಂಚೆಯವನು ತನ್ನ ಶೂ ನೋಡಿಕೊಂಡ.

ಬಾಯಿಕುಕ್ಕೆ ಹೋದ ಮೇಲೆ ಪಿರೋಗಿಗೆ ಒಂದು ಮುಖ ಬಂತು. ಊರಿಗೆ ಅದು ನಿಧಾನವಾಗಿ ಕಾಣಿಸಿತು. ಮಿಸೆಸ್ ಪೆಟ್ರಾಷ್‌ಗೆ ಬೇಗ. ಮೊದಲು ಬಾಗಿಲ ಸಂದಿ ಅಗಲವಾಯಿತು. ಆಮೇಲೆ ಮೆಟ್ಟಿಲ ಮೇಲೆ ಒಂದು ಮೂಳೆ ಕಾಣಿಸಿಕೊಂಡಿತು. "ನಾನಿಟ್ಟಿದ್ದಲ್ಲ, ಸೂಪಿನ ಪಾತ್ರೆಯಿಂದ ಅದೇ ನಡ್ಕೊಂಡು ಬಂದಿರಬೇಕು," ಎಂದರು. ಮಾರ್ಚ್ ಹೊತ್ತಿಗೆ, ಡೋರೀನ್ ಬಸ್ಸಿಗೆ ಹೋದಾಗ ನಾಯಿ ಇರುತ್ತಿದ್ದದ್ದು ಕೆಳಗಿನ ಮನೆಯಲ್ಲಿ, ಮುದುಕಿಯ ಪಾದದ ಮೇಲೆ ಗಲ್ಲವಿಟ್ಟುಕೊಂಡು.

"ಹೀಟರಿಗೆ ಕೊಡೋ ದುಡ್ಡು ಉಳೀತು," ಎನ್ನುತ್ತಿದ್ದರು ಆಕೆ.

ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಸೇರಿ ಪಿರೋಗಿ ಮಾಡಿ ಮಾರುತ್ತಿದ್ದರು. ಹಿಟ್ಟು ನಾದುವವರು ಒಂದು ಕಡೆ, ಅಂಚು ಒತ್ತುವವರು ಒಂದು ಕಡೆ. ಮಿಸೆಸ್ ಪೆಟ್ರಾಷ್ ನಾಯಿಯನ್ನು ಅಲ್ಲಿಗೂ ಕರೆದೊಯ್ದು ಬಾಗಿಲಲ್ಲಿ ಕೂರಿಸಿಕೊಂಡರು.

"ಇರ್ಮಾ, ಅದನ್ನ ಇಲ್ಲಿಗ್ಯಾಕೆ ತಂದೆ?" ಎಂದು ಅಂಚು ಒತ್ತುವವಳೊಬ್ಬಳು ಮಿಸೆಸ್ ಪೆಟ್ರಾಷ್‌ರನ್ನು ಗದರಿದಳು.

"ನಿನಗಿಂತ ಸಭ್ಯಳು ಅಂತ ತಂದೆ. ನೀನು ಬಂದಾಗಿನಿಂದ ನನ್ನ ಹಿಟ್ಟಿಗೆ ಹೆಸರಿಡ್ತಿದ್ದೀಯ, ಇವಳು ಒಂದು ಸಲ ಗೊಣಗಿದಾಳಾ ಕೇಳು."

ನೆಲಮಾಳಿಗೆ ನಗೆಯಿಂದ ತುಂಬಿತು. ಅಂದು ಐದಾರು ಜನ ಹಿಟ್ಟಿನ ಕೈಯಲ್ಲೇ ನಾಯಿಯ ತಲೆ ಸವರಿದರು. ಡೋರೀನ್ ಸಾಲಿನಲ್ಲಿ ನಿಂತು ನೋಡಿದಳು. ನಾಯಿಯ ತಲೆಯ ಮೇಲೆ, ಕಿವಿಯ ಮೇಲೆ ಬಿಳಿಯ ಕೈಗುರುತುಗಳು. ನಾಯಿ ಬಾಯಿ ಬಿಗಿದು ಕೂತಿತ್ತು. ಇಷ್ಟನ್ನು ಮಾಡಿದ್ದು ನಾನು ಎಂದುಕೊಂಡಳು.

ಮೇ ತಿಂಗಳ ಮೂರನೆಯ ವಾರ ಪಿರೋಗಿ ತಲೆ ಒದರತೊಡಗಿತು. ಎಡಗಿವಿಯಿಂದ ಹುಳಿ ಹಿಟ್ಟಿನ ವಾಸನೆ. ಡೋರೀನ್ ಪಶುವೈದ್ಯರಿಗೆ ಫೋನು ಮಾಡಿದಳು. ಮಂಗಳವಾರಕ್ಕೆ ಸಮಯ ಸಿಕ್ಕಿತು. ಭಾನುವಾರ ಚರ್ಚಿನಿಂದ ಬಂದ ಮೇಲೆ ಮಿಸೆಸ್ ಪೆಟ್ರಾಷ್ ಅಡುಗೆಮನೆಯಲ್ಲಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಬೆಚ್ಚಗೆ ಮಾಡಿದರು.

"ಮಂಗಳವಾರದವರೆಗೆ ಅದು ನರಳಬೇಕಾ? ನನ್ನ ನಾಲ್ಕೂ ಮಕ್ಕಳ ಕಿವಿಗೆ ಹಾಕಿದ್ದು ಇದನ್ನೇ. ಒಂದಾದ್ರೂ ಕಿವುಡಾಯ್ತಾ?"

"ಹಿರಿಯವನು ನೀವು ಕರೆದ್ರೆ ಕೇಳಿಸ್ಕೊಳ್ಳೋದೇ ಇಲ್ವಲ್ಲ."

"ಅದು ಕಿವಿದಲ್ಲ, ಸೊಸೆದು. ಹಿಡ್ಕೋ ಅದನ್ನ."

ಹಿಡಿದುಕೊಳ್ಳುವ ಅಗತ್ಯವೇ ಬೀಳಲಿಲ್ಲ. "ಕೂತ್ಕೋ" ಎಂದೊಡನೆ ಪಿರೋಗಿ ಕೂತಿತು. ಮಿಸೆಸ್ ಪೆಟ್ರಾಷ್ ಕಷ್ಟಪಟ್ಟು ಸಣ್ಣ ಸ್ಟೂಲಿನ ಮೇಲೆ ಕೂತು, ಅದರ ಮುಖಕ್ಕೆ ಮುಖ ಹತ್ತಿರ ತಂದು, ಎಡಗಿವಿ ಎತ್ತಿದರು. ಮೂರು ಅಡಿ ದೂರದಲ್ಲಿ ಡೋರೀನ್ ಕಾಫಿ ಲೋಟ ಹಿಡಿದು ನಿಂತಿದ್ದಳು. ನಾಯಿಯ ಮೈ ಹಲಗೆಯಾದದ್ದನ್ನು ನೋಡಿದಳು. ಕಣ್ಣಿನ ಬಿಳಿ ನೋಡಿದಳು. ನಾಲಿಗೆ ಮೂಗಿನ ತುದಿ ಸವರಿ ಒಳಹೋದದ್ದನ್ನು ನೋಡಿದಳು. ಇಷ್ಟು ನೋವಿದ್ದರೂ ಒಂದು ಸದ್ದಿಲ್ಲವಲ್ಲ ಎಂದು ಅವಳಿಗೆ ಹೆಮ್ಮೆಯಾಯಿತು. ಮುದುಕಿ ಬೆರಳನ್ನು ಕಿವಿಯೊಳಗೆ ತಿರುಗಿಸಿದರು.

ಒಂದೇ ಕ್ಷಣ. ಮೊದಲು ಕೈ, ಆಮೇಲೆ ಕೆನ್ನೆ. ಸ್ಟೂಲು ಉರುಳಿತು, ಎಣ್ಣೆ ನೆಲಕ್ಕೆ ಚೆಲ್ಲಿತು. ಡೋರೀನ್ ಹೆಸರು ಹಿಡಿದು ಕೂಗಿದ ತಕ್ಷಣ ನಾಯಿ ಬಿಟ್ಟಿತು, ಹಿಂದೆ ಸರಿದು ಬಾಗಿಲ ಬಳಿ ಮಲಗಿತು. ಎಣ್ಣೆಯ ಮೇಲೆ ರಕ್ತ ಬೆರೆಯದೆ ಗುಂಡಗುಂಡಗೆ ಹರಡಿತು.

ಕೆನ್ನೆಗೆ ಹತ್ತೊಂಬತ್ತು ಹೊಲಿಗೆ, ಎರಡು ಬೆರಳಿನ ಮೂಳೆ ಪುಡಿ. ಆಸ್ಪತ್ರೆಯಲ್ಲಿ ಮಿಸೆಸ್ ಪೆಟ್ರಾಷ್ ಬಾಯಿಯ ಒಂದೇ ಬದಿಯಿಂದ ಮಾತಾಡಿದರು.

"ನಾಯಿ ಎಲ್ಲಿ?"

"ನಗರಸಭೆಯ ನಾಯಿ ಹಿಡಿಯೋ ವಾರ್ಡನ್ ತಗೊಂಡು ಹೋದ. ಹುಚ್ಚು ಹಿಡಿದಿದೆಯಾ ಅಂತ ನೋಡೋಕೆ ಹತ್ತು ದಿನ ಇಟ್ಕೋತಾರೆ. ಆಮೇಲೆ..."

"ಆಮೇಲೆ ಏನೂ ಇಲ್ಲ. ನಾನು ಅವನಿಗೆ ಹೇಳಿದೀನಿ, ನೋಯೋ ಕಿವಿಗೆ ಬೆರಳು ಹಾಕಿದ್ದು ನಾನು, ತಪ್ಪು ನಂದು ಅಂತ. ಮ್ಯಾಜಿಸ್ಟ್ರೇಟ್‌ಗೂ ಕಾಗದ ಬರೆಸಿದೀನಿ, ನರ್ಸ್ ಕೈಲಿ." ಆಕೆ ಬ್ಯಾಂಡೇಜಿನ ಕೈಯನ್ನು ಹೊದಿಕೆಯ ಮೇಲೆ ಸರಿಸಿಕೊಂಡರು. "ಒಂದೇ ವಿಷಯ ನಂಗೆ ಅರ್ಥ ಆಗ್ತಿಲ್ಲ ಡೋರೀನ್. ನಾನು ಹಳ್ಳೀಲಿ ಬೆಳೆದವಳು. ನಮ್ಮ ಹಟ್ಟೀಲಿ ಮೂರು ನಾಯಿ ಇದ್ವು, ಒಂದೊಂದೂ ರಾಕ್ಷಸ. ಗುರ್ ಅಂದ್ರೆ ಕೈ ತೆಗೀತಿದ್ವಿ, ಅಷ್ಟೇ. ಇದು ಯಾಕೆ ಗುರ್ ಅನ್ಲಿಲ್ಲ? ಅಂದಿದ್ರೆ ನಾನು ಕೈ ತೆಗೀತಿದ್ದೆ ಕಣೇ."

ಡೋರೀನ್ ನೀರಿನ ಲೋಟಕ್ಕೆ ಹೀರುಗೊಳವೆ ಹಾಕಿ ಆಕೆಯ ತುಟಿಯ ಗಾಯವಿಲ್ಲದ ಬದಿಗೆ ಹಿಡಿದಳು.

"ಗೊತ್ತಿಲ್ಲ," ಎಂದಳು.

ಊರಿಗೆಲ್ಲ ಗೊತ್ತಿತ್ತು. ಗ್ಯಾರೇಜಿನಲ್ಲಿ, ದಿನಸಿ ಅಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು. ಸಾಕಿದವರು ಎಷ್ಟು ಸಾಕಿದರೇನು, ಈ ಜಾತಿಯೇ ಹಾಗೆ. ಮುನ್ಸೂಚನೆಯೇ ಇರುವುದಿಲ್ಲ. ಲೈಟಿನ ಸ್ವಿಚ್ಚು ಹಾಕಿದ ಹಾಗೆ. ನಗರಸಭೆ ಆ ವಾರವೇ ಪರೀಕ್ಷೆಯನ್ನು ರದ್ದು ಮಾಡಿ ನಲವತ್ತೊಂದು ಹಸಿರು ಬಿಲ್ಲೆಗಳನ್ನು ವಾಪಸ್ ಕೇಳಿತು. ಡೋರೀನ್‌ಗೆ ಪರಿಚಯವೇ ಇಲ್ಲದ ನಲವತ್ತು ಮನೆಗಳಲ್ಲಿ ಬಾಯಿಕುಕ್ಕೆ ಮತ್ತೆ ಗೂಟದಿಂದ ಇಳಿಯಿತು.

ವರ್ನನ್ ಕಾಲೆಳೆಯಲಿಲ್ಲ. "ಗುರ್ ಅನ್ಲೇ ಇಲ್ವಾ ಅದು?" ಎಂದು ಮೆಲ್ಲಗೆ ಕೇಳಿದ.

"ಇಲ್ಲ."

"ವಿಚಿತ್ರ," ಎಂದ ಅವನು. ಅವಳ ಮುಖವನ್ನು ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚು ನೋಡಿ, ಬಾನೆಟ್ಟಿನ ಕೆಳಗೆ ತಲೆ ಹಾಕಿದ.

ಮಿಸೆಸ್ ಪೆಟ್ರಾಷ್‌ರ ಕಾಗದ ಒಂದು ಕೆಲಸ ಮಾಡಿತು. ಕಚ್ಚಿಸಿಕೊಂಡವಳೇ ಬೇಡಿಕೊಂಡದ್ದರಿಂದ ಮ್ಯಾಜಿಸ್ಟ್ರೇಟ್ ನಾಯಿಗೆ ಕೊನೆಯದೊಂದು ಅವಕಾಶ ಕೊಟ್ಟರು. ಹತ್ತನೆಯ ದಿನ ಆಶ್ರಯಧಾಮದ ವೈದ್ಯೆ ಅದನ್ನು ಪರಿಶೀಲಿಸಿ ವರದಿ ಬರೆಯಬೇಕು. ಕಚ್ಚುವ ಮುಂಚೆ ಎಚ್ಚರಿಸುವ ನಾಯಿಯಾದರೆ ಹತೋಟಿಯಲ್ಲಿಡಬಹುದು. ದಕ್ಷಿಣದ ಜಿಲ್ಲೆಯ ತೋಟವೊಂದು ಅಂಥವನ್ನು ಇಟ್ಟುಕೊಳ್ಳುತ್ತದೆ. ಎಚ್ಚರಿಸದ ನಾಯಿಯಾದರೆ ಅಂದೇ ಹಿಂದಿನ ಕೋಣೆ.

ಡೋರೀನ್ ಬೆಳಗಿನ ಪಾಳಿ ಮುಗಿಸಿ ಹೋದಳು. ವೈದ್ಯೆ ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಒರಟಲ್ಲ. ಕೈಯಲ್ಲಿ ಒಂದು ಕೋಲು, ಕೋಲಿನ ತುದಿಗೆ ಮಾಂಸದ ಬಣ್ಣದ ರಬ್ಬರ್ ಹಸ್ತ. ಬೆರಳುಗಳ ಮೇಲೆ ಹಲ್ಲಿನ ಗುರುತುಗಳಿದ್ದವು.

"ಕಿವಿಗೆ ಔಷಧಿ ಹಾಕಿ ಸೋಂಕು ಕಮ್ಮಿ ಮಾಡಿದೀವಿ, ಆದ್ರೂ ಮುಟ್ಟಿದ್ರೆ ಸಹಿಸೋದು ಕಷ್ಟ. ಅದಕ್ಕೆ ಅದು ಗುರ್ ಅನ್ನಲಿ, ಹಲ್ಲು ತೋರಿಸಲಿ, ಏನಾದ್ರೂ ಒಂದು ಹೇಳಲಿ. ಅಷ್ಟು ಸಾಕು ನನಗೆ," ಎಂದಳು.

ಪಿರೋಗಿ ಡೋರೀನ್‌ಳನ್ನು ಕಂಡು ಬಲೆಗೆ ಬೆನ್ನು ಒರಗಿಸಿತು. ವೈದ್ಯೆ ಬಲೆಯ ಬಾಗಿಲಿನ ಸಂದಿನಿಂದ ರಬ್ಬರ್ ಹಸ್ತ ತೂರಿಸಿ ಮೊದಲು ಬೆನ್ನು ಸವರಿದಳು, ಆಮೇಲೆ ಕತ್ತು, ಆಮೇಲೆ ಎಡಗಿವಿ.

ನಾಯಿ ಹಲಗೆಯಾಯಿತು.

ಗುರ್ ಅನ್ನು, ಎಂದಳು ಡೋರೀನ್ ಮನಸ್ಸಿನಲ್ಲಿ. ಅನ್ನೇ. ಒಂದೇ ಸಲ. ನಿನ್ನ ದಮ್ಮಯ್ಯ.

ರಬ್ಬರ್ ಬೆರಳು ಕಿವಿಯನ್ನು ಮಡಚಿತು. ಕಣ್ಣಿನ ಬಿಳಿ ಕಾಣಿಸಿತು, ನಾಲಿಗೆ ಮೂಗು ಸವರಿತು. ಪಿರೋಗಿ ತಲೆ ತಿರುಗಿಸಿ ಡೋರೀನ್‌ಳನ್ನು ನೋಡಿತು, ನಾನು ಸರಿಯಾಗಿ ಮಾಡುತ್ತಿದ್ದೇನೆ ತಾನೆ ಎನ್ನುವ ಹಾಗೆ. ಎರಡು ಸೆಕೆಂಡು, ಮೂರು ಸೆಕೆಂಡು. ಬಲೆಯ ಆಚೆ ಯಾವುದೋ ನಾಯಿ ಬೊಗಳುತ್ತಿತ್ತು. ಪಿರೋಗಿ ಸದ್ದಿಲ್ಲದೆ ರಬ್ಬರ್ ಹಸ್ತವನ್ನು ಮಣಿಕಟ್ಟಿನವರೆಗೆ ಬಾಯಿಗೆ ತೆಗೆದುಕೊಂಡಿತು.

ವೈದ್ಯೆ ಕೋಲನ್ನು ಬಿಡಿಸಿಕೊಂಡು ಗೋಡೆಗೆ ಒರಗಿಸಿದಳು. ಹಾಳೆ ಎತ್ತಿಕೊಂಡಳು, ಆದರೆ ಬರೆಯಲಿಲ್ಲ.

"ಒಂದು ಕೇಳ್ಬೇಕು ನಿಮ್ಮನ್ನ. ಹುಟ್ಟಿನಿಂದ ಹೀಗಿರೋ ನಾಯಿ ತೀರಾ ಕಮ್ಮಿ. ಸಾಮಾನ್ಯವಾಗಿ ಯಾರೋ ಕಲಿಸಿರ್ತಾರೆ. ಗುರ್ ಅಂದಾಗಲೆಲ್ಲ ಹೆದರಿಸಿ, ಹೆದರಿಸಿ. ಕಲಿಸಿದ್ದು ಅಂತ ಗೊತ್ತಾದ್ರೆ ನಾನು ಬೇರೆ ಥರ ಬರೀಬಹುದು. ಕಲಿತಿದ್ದನ್ನ ಮರೆಸೋಕೆ ಆಗುತ್ತೆ, ತೋಟದವರು ಮಾಡ್ತಾರೆ." ಅವಳು ಡೋರೀನ್ ಕಡೆ ತಿರುಗಿದಳು. "ನಿಮ್ಮ ಹತ್ರ ಇದ್ದಾಗ ಇದು ಯಾವತ್ತಾದ್ರೂ ಗುರ್ ಅಂದಿತ್ತಾ? ಯಾರಾದ್ರೂ ಅದನ್ನ ನಿಲ್ಲಿಸಿದ್ರಾ?"

ಪ್ರಮಾಣಪತ್ರದ ಏಳನೆಯ ಪ್ರಶ್ನೆ. ಕೆಳಗೆ ದಪ್ಪಕ್ಷರ. ಮೊಕದ್ದಮೆ ಬಿದ್ದ ಚಾಲಕರ ಕೈಗೆ ಶಾಲೆ ಮಕ್ಕಳನ್ನು ಒಪ್ಪಿಸುವುದಿಲ್ಲ. ಪಿಂಚಣಿಗೆ ಇನ್ನು ಮೂರು ವರ್ಷ. ಅಂಚೆಯವನೂ ಸಿಕ್ಕಿಬೀಳುತ್ತಾನೆ. ಹತ್ತೊಂಬತ್ತು ಹೊಲಿಗೆಯ ಕೆನ್ನೆ ಕೆಳಗಿನ ಮನೆಯಲ್ಲಿ ಇನ್ನೆಷ್ಟು ವರ್ಷ ಅವಳಿಗೆ ಬಾಗಿಲು ತೆರೆಯುತ್ತದೋ, ಆ ಅಷ್ಟೂ ವರ್ಷ ಯಾಕೆ ಎಂದು ಕೇಳುತ್ತದೆ. ಇವೆಲ್ಲ ಅವಳ ತಲೆಯಲ್ಲಿ ಒಂದಾದ ಮೇಲೊಂದು ಬರಲಿಲ್ಲ, ಬ್ರೇಕು ಹಾಕಿದಾಗ ಮಕ್ಕಳು ವಾಲುವಂತೆ ಒಟ್ಟಿಗೇ ಬಂದವು.

"ಇಲ್ಲ," ಎಂದಳು ಡೋರೀನ್. "ಯಾವತ್ತೂ ಇಲ್ಲ. ಬಂದಾಗಿನಿಂದ ಹೀಗೇ."

ವೈದ್ಯೆ ಪೆನ್ನಿನ ಮುಚ್ಚಳ ತೆಗೆದಳು. ಎಚ್ಚರಿಸದ ನಾಯಿ ಎಂದು ಬರೆದಳು.

ಬಲೆಯೊಳಗೆ ಪಿರೋಗಿ ಯಾರೂ ಹೇಳದೆಯೇ ಕೂತಿತು, ಎರಡೂ ಮುಂಗಾಲು ಜೋಡಿಸಿ, ಎದೆ ಎತ್ತಿ, ಪರೀಕ್ಷೆಯಲ್ಲಿ ಕೂತ ಹಾಗೆ.

"ಪಾಪ, ಎಷ್ಟು ಚೆನ್ನಾಗಿ ಕೂರುತ್ತೆ," ಎಂದಳು ವೈದ್ಯೆ. "ಇದನ್ನ ಯಾರು ಕಲಿಸಿದ್ದು?"

"ನಾನೇ."

ನಾಯಿಯ ಜೊತೆ ಹಿಂದಿನ ಕೋಣೆಗೆ ಬರುತ್ತೀರಾ ಎಂದು ವೈದ್ಯೆ ಕೇಳಿದಳು. ಎರಡೂ ನಲವತ್ತಕ್ಕೆ ಮಕ್ಕಳನ್ನು ಹತ್ತಿಸಿಕೊಳ್ಳಬೇಕು, ತಡವಾಗುತ್ತದೆ ಎಂದಳು ಡೋರೀನ್. ಆಗಿನ್ನೂ ಹನ್ನೆರಡೂವರೆ.